ಹಾಲಿಗೆ ಗೊತ್ತಾಗದ ಬ್ರೇಕು

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಗಾಡಿ ಓಡಿಸುವುದನ್ನು ಕಲಿತದ್ದು ಆಸೆಯಿಂದಲ್ಲ. ನಮ್ಮ ಮನೆಯವರನ್ನು ಡ್ರೈವರ್ ಸೀಟಿನಿಂದ ಇಳಿಸಬೇಕಾಗಿತ್ತು, ಅದಕ್ಕೆ ಕಲಿತೆ.

ಅವರದು ಹಾಲಿನ ಗಾಡಿ. ಬಂಗಾರಪೇಟೆ ಸುತ್ತಿನ ಏಳು ಹಳ್ಳಿಗಳ ಹಾಲನ್ನು ಕ್ಯಾನುಗಳಲ್ಲಿ ತುಂಬಿಕೊಂಡು ಬಿಸಿಲೇರುವುದರೊಳಗೆ ಚಿಲ್ಲಿಂಗ್ ಸೆಂಟರಿಗೆ ಮುಟ್ಟಿಸುವ ಕೆಲಸ. ನಮ್ಮ ಮದುವೆಗೂ ಮುಂಚಿನಿಂದ ಅದನ್ನೇ ಮಾಡುತ್ತಿದ್ದರು. ಅಷ್ಟು ವರ್ಷಗಳಲ್ಲಿ ಗಾಡಿ ಮೂರು ಸಲ ಬದಲಾಗಿತ್ತು, ದಾರಿ ಮಾತ್ರ ಅದೇ. ಆ ಕಡೆಯ ಹಳ್ಳಿಗಳಲ್ಲಿ ಅವರ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಲಿನ ಗಾಡಿಯಣ್ಣ ಎಂದರೆ ಮಕ್ಕಳೂ ನಮ್ಮ ಮನೆ ತೋರಿಸುತ್ತವೆ.

ಕಣ್ಣಿನ ವಿಷಯ ನನ್ನ ಗಮನಕ್ಕೆ ಬಂದದ್ದು ಊಟದ ಹೊತ್ತಿನಲ್ಲಿ. ಮುದ್ದೆ ಬಡಿಸಿ ಎಡಗಡೆ ನೀರಿನ ಲೋಟ ಇಟ್ಟರೆ ಕೈ ತಾಗಿಸಿ ಉರುಳಿಸುತ್ತಿದ್ದರು. ಒಂದು ದಿನವಾದರೆ ಸರಿ, ವಾರಕ್ಕೆ ಎರಡು ಮೂರು ಸಲ. ಏನು ಯೋಚನೆಯಲ್ಲಿರುತ್ತಾರೋ ಎಂದುಕೊಂಡು ನಾನು ಒರೆಸುವ ಬಟ್ಟೆ ತರುತ್ತಿದ್ದೆ. ಆಮೇಲೆ ಗಾಡಿಯ ಎಡಗಡೆಯ ಕನ್ನಡಿ ನಮ್ಮದೇ ಗೇಟಿಗೆ ಬಡಿದು ಒಡೆಯಿತು. ಹೊಸದು ಹಾಕಿಸಿದ ತಿಂಗಳಲ್ಲೇ ಅದೂ ಒಡೆಯಿತು. ಆಗ ಹಟ ಮಾಡಿ ಕೋಲಾರಕ್ಕೆ ಕರೆದುಕೊಂಡು ಹೋದೆ.

ಕಣ್ಣಿನ ಡಾಕ್ಟರು ಅವರನ್ನು ಒಂದು ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ತುಂಬ ಹೊತ್ತು ಗುಂಡಿಯ ಸದ್ದೇ ಬರಲಿಲ್ಲ. ಕೊನೆಗೆ ಒಂದು ಹಾಳೆಯ ಮೇಲೆ ದುಂಡಗೆ ಗೆರೆ ಎಳೆದು, ಅಂಚಿನಿಂದ ಒಳಕ್ಕೆ ಪೆನ್ನಿನಲ್ಲಿ ಕಪ್ಪು ಮಾಡುತ್ತ ಬಂದರು. ನಡುವೆ ನಾಣ್ಯದಷ್ಟು ಬಿಳಿ ಉಳಿಯಿತು. ಗ್ಲಾಕೋಮಾ, ಕಣ್ಣೊಳಗಿನ ಒತ್ತಡ. ಹೋದ ದೃಷ್ಟಿ ಬರುವುದಿಲ್ಲ, ಡ್ರಾಪ್ಸ್ ತಪ್ಪದೆ ಹಾಕಿದರೆ ಇರುವುದು ಸ್ವಲ್ಪ ಕಾಲ ಉಳಿಯುತ್ತದೆ ಎಂದರು. "ಗಾಡಿ ಇವತ್ತೇ ಬಿಟ್ಟುಬಿಡಿ. ನಿಮಗೆ ಎದುರಿಗಿರೋದು ಕಾಣುತ್ತೆ, ಪಕ್ಕದಿಂದ ಬರೋದು ಕಾಣಲ್ಲ."

ಇವರು ಆ ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡರು. ಬಂಗಾರಪೇಟೆಯಲ್ಲಿ ಬಸ್ಸು ಇಳಿಯುವಾಗ ಕೇಳಿದ್ದು ಒಂದೇ, "ನಾಳೆ ಆಲು ಯಾರು ಒಯ್ತಾರೆ?"

ಒಬ್ಬ ಡ್ರೈವರನ್ನು ನೇಮಿಸಿದೆವು. ನಾಲ್ಕು ದಿನ ಬಂದ. ನಾಲ್ಕು ದಿನವೂ ಇವರು ಹಿಂದೆ ಕ್ಯಾನುಗಳ ಜೊತೆ ನಿಂತು ಹೋದರು. ಐದನೆಯ ದಿನ ಅವನ ಕೈಯಿಂದ ಕೀ ಇಸಿದುಕೊಂಡು ಕಳಿಸಿಬಿಟ್ಟರು. "ಅವ್ನು ಒತ್ಕೊಂಡು ಓಗ್ತಿರಾದು ಆಲಲ್ಲ ಕಣೇ, ಜಲ್ಲಿ" ಎಂದರು. ನಾನು ಅತ್ತೆ, ಬೈದೆ, ಮಗಳಿಗೆ ಫೋನು ಮಾಡಿ ಅವಳಿಂದಲೂ ಹೇಳಿಸಿದೆ. ಎಲ್ಲ ಕೇಳಿಸಿಕೊಂಡು ಕೊನೆಗೆ ನಕ್ಕರು. "ಸರಿ. ನೀನು ಕಲ್ತ್ಕೊ. ನಿಂಗೆ ಲೈಸೆನ್ಸ್ ಬಂದಿದ್ ದಿನ ನಾನು ಬಿಡ್ತೀನಿ."

ಅವರು ನಕ್ಕದ್ದಕ್ಕೆ ಕಾರಣವಿತ್ತು. ನಾನು ಸೈಕಲ್ಲನ್ನೂ ತುಳಿದವಳಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಮುಂದಿನ ಕಂಬಿ ಬಿಡದವಳು. ಆದರೆ ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಲೈಸೆನ್ಸು ಕೈಗೆ ಬರುವವರೆಗೆ ಅವರು ಆ ಅರ್ಧ ಕಣ್ಣಿನಲ್ಲೇ ಗಾಡಿ ಓಡಿಸುತ್ತಾರೆ, ಅಷ್ಟರೊಳಗೆ ಯಾರ ಮೇಲಾದರೂ ಗಾಡಿ ಹತ್ತಬಹುದು. ಹಾಗಾಗಿ ಎರಡು ಕೆಲಸ ಹಚ್ಚಿಕೊಂಡೆ. ಬೆಳಗಿನ ಜಾವ ನಮ್ಮ ಎರಡು ಹಸು ಕರೆದು, ಗಾಡಿಯ ಎಡಗಡೆ ಕೂತು ಅವರ ಕಣ್ಣಾಗುವುದು; ಹಾಲು ಮುಟ್ಟಿಸಿದ ಮೇಲೆ ಮಾರಿಕುಪ್ಪಂ ರೈಲು ಹತ್ತಿ ಡ್ರೈವಿಂಗ್ ಸ್ಕೂಲಿಗೆ ಹೋಗುವುದು.

"ಎಡಕ್ಕೆ ಸೈಕಲ್ಲು." "ಎಡಕ್ಕೆ ಎಮ್ಮೆ, ನಿಂತದೆ." "ಎಡಕ್ಕೆ ಶಾಲೆ ಮಕ್ಳು, ಮೂರು ಜನ." ದಾರಿಯುದ್ದಕ್ಕೂ ಹೇಳುತ್ತಿದ್ದೆ. ಮೊದಲ ವಾರ ರೇಗುತ್ತಿದ್ದರು, "ನಂಗೆ ಕಾಣ್ತದೆ, ಸುಮ್ನಿರು" ಎಂದು. ಆಮೇಲೆ ಒಂದೊಂದಕ್ಕೂ "ಹೂಂ" ಎನ್ನುವುದಕ್ಕೆ ಶುರು ಮಾಡಿದರು. ರೇಗುತ್ತಿದ್ದುದೇ ಚೆನ್ನಾಗಿತ್ತು ಅನ್ನಿಸುತ್ತಿತ್ತು ನನಗೆ.

ಕಲಿಸುವವರು ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ, ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯೊಂದರವರು. ಸೈನೈಡ್ ದಿಬ್ಬದ ಪಕ್ಕದ ಬಯಲೇ ಅವರ ಶಾಲೆ. ಗಣಿಯಿಂದ ತೆಗೆದ ಪುಡಿಯನ್ನು ಸುರಿದು ಸುರಿದು ಬೆಳೆದ ಬೂದು ಗುಡ್ಡ ಅದು. ಗಾಳಿ ಬೀಸಿದರೆ ಹಲ್ಲಿಗೆಲ್ಲ ಮಣ್ಣು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ಕಾರಿನೊಳಗೆ ಕೂತರೆ ಸ್ಟಿಯರಿಂಗನ್ನು ಬಸ್ಸಿನ ಕಂಬಿಯ ಹಾಗೆ ಹಿಡಿದುಕೊಳ್ಳುತ್ತಿದ್ದೆ. ಆ ಮನುಷ್ಯ ತಮಿಳು, ತೆಲುಗು, ಕನ್ನಡ ಮೂರನ್ನೂ ಕಲಸಿ ಮಾತಾಡುತ್ತಿದ್ದರು. "ಬಯಪಡಾದೀಂಗ ಅಕ್ಕಾ, ಹೆದರ್ಬೇಡಿ, ನನ್ ಕಾಲಡಿ ಇನ್ನೊಂದು ಬ್ರೇಕ್ ಐತೆ." ನಾನು ಗೇರು ಹಾಕುವಾಗಲೆಲ್ಲ ಬಗ್ಗಿ ನೋಡುತ್ತಿದ್ದೆ. "ರೋಡು ಮುಂದೆ ಐತೆ ಅಕ್ಕಾ. ಗೇರ್ ಒಳಗೆ ಏನು, ದೇವ್ರು ಕೂತವ್ರಾ? ಕೆಳಗೆ ನೋಡಿ ನೋಡಿ ಕೈ ಮುಗೀತೀರಲ್ಲ."

ಮೊದಲ ಹತ್ತು ದಿನ ಕಾರು ನಿಂತಲ್ಲೇ ಕುಪ್ಪಳಿಸಿ ಆಫ್ ಆಗುತ್ತಿತ್ತು. ಹನ್ನೊಂದನೆಯ ದಿನ ಬಯಲನ್ನು ಒಂದು ಸುತ್ತು ಹಾಕಿದೆ. ಮನೆಗೆ ಬಂದು ಹೇಳಿದೆ. ಆ ಭಾನುವಾರ ಇವರು ತಾವೇ ಕರೆದರು. "ಬಾ. ಕಾರು ಬೇರೆ, ಆಲಿನ ಗಾಡಿ ಬೇರೆ."

ನಮ್ಮೂರ ಕೆರೆಯಂಗಳ ಆಗ ಒಣಗಿತ್ತು. ಅಲ್ಲಿಗೆ ಗಾಡಿ ಒಯ್ದು, ಹಿಂದುಗಡೆ ಒಂದು ಬಕೆಟ್ಟು ಇಟ್ಟು, ಅಂಚಿನವರೆಗೆ ನೀರು ತುಂಬಿಸಿದರು. ತಾವು ನನ್ನ ಪಕ್ಕ ಕೂರಲಿಲ್ಲ. ಹಿಂದೆ ಹತ್ತಿ, ಕಂಬಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಬಕೆಟ್ಟಿನ ಅಂಚಿಗೆ ತಾಗಿಸಿಕೊಂಡು ನಿಂತರು.

"ಓಗು. ಆ ಜಾಲಿ ಮರದ ಅತ್ರ ನಿಲ್ಸು."

ನಿಲ್ಲಿಸಿದೆ. ಬೆರಳು ಎತ್ತಿ ತೋರಿಸಿದರು, ಒದ್ದೆಯಾಗಿತ್ತು.

"ಗಾಡಿ ನಿಂತಿದ್ದು ಆಲಿಗೆ ಗೊತ್ತಾಗ್ಬಾರ್ದು. ಮರ ಇನ್ನೂ ದೂರ ಇರುವಾಗ್ಲೇ ಕಾಲು ತೆಗಿ. ಗಾಡಿ ತಾನೇ ಸುಸ್ತಾಗ್ಲಿ. ಆಮೇಲೆ ಬಿಸಿಲಿಗಿಟ್ಟಿರಾ ಅಪ್ಪಳದ ಮೇಲೆ ಕಾಲಿಟ್ಟಂಗೆ ಬ್ರೇಕ್ ಮೇಲೆ ಇಡು. ಮುರೀಬಾರ್ದು."

ಹಾಲಿನ ಗಾಡಿಯವರ ಬ್ರೇಕು ಅದು. ತುಂಬಿದ ಕ್ಯಾನು ಒಂದು ಸಲ ಜೋರಾಗಿ ಅಲುಗಿದರೆ ಮುಚ್ಚಳದ ಸಂದಿಯಿಂದ ಹಾಲು ಒಸರುತ್ತದೆ, ಹಗ್ಗ ಸಡಿಲವಿದ್ದರೆ ಕ್ಯಾನೇ ಮಗುಚುತ್ತದೆ. ಏಳು ಹಳ್ಳಿಯ ಹೆಂಗಸರು ಕತ್ತಲಲ್ಲಿ ಎದ್ದು ಕರೆದದ್ದು. ತಮ್ಮ ಗಾಡಿಯಿಂದ ಒಂದು ಲೋಟ ಹಾಲು ರಸ್ತೆಗೆ ಬಿದ್ದಿಲ್ಲ ಎಂಬುದೊಂದೇ ಅವರು ತಮ್ಮ ಬಗ್ಗೆ ತಾವು ಹೇಳಿಕೊಳ್ಳುತ್ತಿದ್ದ ದೊಡ್ಡ ಮಾತು. ನಾನು ತಲೆಯ ಮೇಲಿನ ಕನ್ನಡಿಯಲ್ಲಿ ಅವರ ಮುಖ ನೋಡುತ್ತ ನೋಡುತ್ತ ಓಡಿಸಿದೆ. ಮುಖ ಗಂಟಿಕ್ಕಿದರೆ ನೀರು ತುಳುಕಿದೆ ಎಂದು ಲೆಕ್ಕ. ನಾಲ್ಕು ಭಾನುವಾರ ಹೀಗೆ ನಡೆಯಿತು. ಕೊನೆಯ ಭಾನುವಾರ ಅವರ ಬೆರಳು ಒಣಗಿಯೇ ಇತ್ತು. ಕೆಳಗಿಳಿದು ಬಕೆಟ್ಟಿನ ನೀರನ್ನು ಜಾಲಿ ಮರದ ಬುಡಕ್ಕೆ ಸುರಿದರು. ಆಮೇಲೆ, "ಬಂತು ಬಿಡು ನಿಂಗೆ" ಎಂದರು.

ಪರೀಕ್ಷೆಗೆ ಫೋನಿನಲ್ಲೇ ದಿನ ಹಿಡಿದಿದ್ದೆವು. ಸ್ಕೂಲಿನ ಕಾರಿನಲ್ಲೇ ಪರೀಕ್ಷೆ. ಆ ಬೆಳಗ್ಗೆ ಹಾಲು ಮುಗಿಸಿ, ತಲೆಗೆ ಹೂವು ಮುಡಿದು, ಬೇಡಬೇಡವೆಂದರೂ ಬಾಯಿಗೆ ಬರುವ ದೇವರ ಹೆಸರು ಹೇಳಿಕೊಂಡು ಹೋದೆ. ಎಂಟು ಹಾಕಿದೆ. ಹಿಂದಕ್ಕೆ ತೆಗೆದೆ. ಏರು ಹತ್ತಿಸಿ ನಿಲ್ಲಿಸಿ ಮತ್ತೆ ಹೊರಟೆ. ಇಷ್ಟೆಲ್ಲ ಆದ ಮೇಲೆ ಇನ್ಸ್‌ಪೆಕ್ಟರು, "ನೇರ ಬನ್ನಿ. ನಾನು ಕೈ ಎತ್ತಿದ ತಕ್ಷಣ ನಿಲ್ಲಿಸಬೇಕು" ಎಂದು ಹೇಳಿ ಬಿಳಿ ಗೆರೆಯ ಪಕ್ಕ ನಿಂತರು.

ಕೈ ಎತ್ತಿದರು. ನನ್ನ ಕಾಲು ಹಪ್ಪಳದ ಮೇಲೆ ಇಟ್ಟಂತೆಯೇ ಹೋಯಿತು. ಕಾರು ಗೆರೆ ದಾಟಿತು, ಅವರನ್ನೂ ದಾಟಿತು, ಇನ್ನೂ ಮೂರು ಕಾರಿನಷ್ಟು ಮುಂದೆ ಹೋಗಿ, ನಿಂತದ್ದೇ ಗೊತ್ತಾಗದ ಹಾಗೆ ನಿಂತಿತು. ಒಂದು ಕ್ಷಣ ಚೆನ್ನಾಗಿ ನಿಲ್ಲಿಸಿದೆ ಎಂದೇ ಅಂದುಕೊಂಡಿದ್ದೆ.

ಇನ್ಸ್‌ಪೆಕ್ಟರು ನಡೆದುಕೊಂಡು ಬಂದರು. "ಏನಮ್ಮ, ಮೆರವಣಿಗೆ ಹೊರಟಿದೀರಾ? ಎದುರಿಗೆ ಮಗು ಓಡಿಬಂದಿದ್ರೆ ಏನು ಮಾಡ್ತಿದ್ರಿ?"

ಕಲಿಸುವವರು ಹಣೆ ಚಚ್ಚಿಕೊಂಡು ಕೇಳಿದರು, "ಅಕ್ಕಾ, ಯಾರಕ್ಕಾ ಹೇಳ್ಕೊಟ್ಟಿದ್ದು ನಿಮಗೆ ಈ ಬ್ರೇಕು?"

ನಾನು ಇಳಿದು ಚಪ್ಪಲಿ ಮೆಟ್ಟಿಕೊಂಡೆ. ಮರುಪರೀಕ್ಷೆಗೆ ಎರಡು ವಾರದ ನಂತರದ ದಿನ ಸಿಕ್ಕಿತು.

ಮನೆಗೆ ಬಂದು ಫೇಲಾದೆ ಎಂದಾಗ ಇವರು ಕ್ಯಾನು ತೊಳೆಯುತ್ತಿದ್ದರು. ಹೇಗೆ ಎಂದು ಪೂರ್ತಿ ಕೇಳಿದರು. ಅವರ ಮುಖ ಅರಳಿತು. "ಮೂರು ಕಾರಿನಷ್ಟು ಮುಂದೆ ಓಯ್ತಾ? ಓಗ್ಲಿ. ಬಕೆಟ್ ಇಟ್ಟಿದ್ರೆ ಒಂದು ತೊಟ್ಟು ಚೆಲ್ತಿರ್ಲಿಲ್ಲ, ಅಲ್ವಾ?" ಆ ಸಂಜೆ ಎರಡು ಮುದ್ದೆ ಉಂಡರು, ಸಾರು ಚೆನ್ನಾಗೈತೆ ಎಂದರು. ಇನ್ನೂ ಎರಡು ವಾರ ಗಾಡಿ ತಮ್ಮದೇ ಎಂಬ ಖುಷಿ ಅದು. ಬೇಕೆಂದೇ ಹಾಗೆ ಕಲಿಸಿದರೇ ಎಂಬ ಯೋಚನೆ ನನಗೆ ಬಂದು ಹೋಯಿತು. ಹಾಗಲ್ಲ. ಅವರಿಗೆ ಗೊತ್ತಿದ್ದ ಡ್ರೈವಿಂಗ್ ಅದೊಂದೇ, ಅದನ್ನು ಕೊಟ್ಟಿದ್ದರು. ನಾನು ಇನ್ನು ಅದನ್ನು ಕಾಲಿನಿಂದ ಬಿಡಿಸಿಕೊಳ್ಳಬೇಕಾಗಿತ್ತು.

ಕಲಿಸುವವರು ಒಂದು ಉಪಾಯ ಹೇಳಿದ್ದರು. "ಎಲ್ಲಿ ಕೂತ್ರೂ ಸರಿ ಅಕ್ಕಾ, ಮನಸ್ಸಲ್ಲಿ ಕೈ ಎತ್ತಿದ್ರು ಅಂದ್ಕೊಳ್ಳಿ, ಟಕ್ ಅಂತ ಕಾಲು ಒತ್ತಿ. ದಿನಕ್ಕೆ ನೂರು ಸಲ. ಕಾಲಿಗೆ ಅಭ್ಯಾಸ ಆಗ್ಬೇಕು." ರೊಟ್ಟಿ ತಟ್ಟುವಾಗ ಒತ್ತಿದೆ, ರೈಲಿನಲ್ಲಿ ಒತ್ತಿದೆ. ಎದುರಿಗೆ ಕೂತವರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಐದನೆಯ ದಿನವೋ ಆರನೆಯ ದಿನವೋ, ಬೆಳಗ್ಗೆ ಮೂರನೆಯ ಹಳ್ಳಿ ದಾಟಿ ಹೋಗುತ್ತಿದ್ದೆವು. ರಸ್ತೆ ಖಾಲಿಯಿತ್ತು. ನಾನು ಗಾಡಿಯ ಎಡಗಡೆ ಕೂತು ಕಾಲು ಒತ್ತುವುದನ್ನು ಅಭ್ಯಾಸ ಮಾಡುತ್ತಿದ್ದೆ. ಹಿಮ್ಮಡಿ ನೆಲಕ್ಕೆ ಊರಿದೆಯೋ ಇಲ್ಲವೋ ಎಂದು ತಲೆ ಬಗ್ಗಿಸಿ ನೋಡುತ್ತಿದ್ದೆ. ಎಷ್ಟು ಹೊತ್ತು ಬಗ್ಗಿದ್ದೆನೋ ಗೊತ್ತಿಲ್ಲ. ಟಣ್ ಎಂದು ಪಾತ್ರೆಯ ಸದ್ದು ಬಂತು. ಅದರ ಹಿಂದೆಯೇ ಅವರು ಬ್ರೇಕು ಒತ್ತಿದರು. ಅವರು ಹಾಗೆ ಒತ್ತಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನ್ನ ಹಣೆ ಮುಂದಿನ ಗಾಜಿಗೆ ಬಡಿಯಿತು. ಹಿಂದೆ ಕ್ಯಾನುಗಳು ಒಂದರ ಮೇಲೊಂದು ಬಿದ್ದವು.

ಎಡಗಡೆ ಹೊಂಗೆ ಗಿಡದ ಬುಡದಲ್ಲಿ ಒಬ್ಬ ಅಜ್ಜಿ ಕಾಲು ಚಾಚಿ ಕೂತಿತ್ತು. ದಿನಾ ಒಂದೂವರೆ ಲೀಟರ್ ಹಾಲು ಹಾಕುವ ಅಜ್ಜಿ; ಆ ದಿನ ತಡವಾಗಿ, ಊರೊಳಗೆ ಹೋಗದೆ ಮುಂದಿನ ಹಳ್ಳಿಯಲ್ಲಿ ಗಾಡಿ ಹಿಡಿಯೋಣವೆಂದು ತೋಟದ ಮನೆಯಿಂದ ನಡೆದು ಹೊರಟಿತ್ತಂತೆ. ಗಾಡಿಯ ಕನ್ನಡಿ ಪಾತ್ರೆಗೆ ತಾಗಿ, ಪಾತ್ರೆ ಹಾರಿ, ಅಜ್ಜಿ ಬಿದ್ದಿತ್ತು. ಮೊಣಕೈ ತರಚಿತ್ತು, ಅಷ್ಟೇ. ಒಂದು ಗೇಣು ಈಚೆ ನಡೆಯುತ್ತಿದ್ದರೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ.

ನಾನು ಎಬ್ಬಿಸಲು ಹೋದೆ. ಅಜ್ಜಿ ನನ್ನ ಕೈ ಕೊಡವಿ ಕೂತಲ್ಲಿಂದಲೇ ಶುರು ಮಾಡಿತು. "ಯಾವನ್ಲಾ ಅವ್ನು? ಓ, ನೀನಾ? ಏನ್ಲಾ ಬಂತು ನಿಂಗೆ? ಇಷ್ಟು ದಪ್ಪ ಮುದುಕಿ ಓಗ್ತಾವ್ಳೆ, ಕಣ್ಣು ಕಾಣಾಕಿಲ್ವೇನ್ಲಾ?"

ಇವರು ಗಾಡಿಯ ಬಾಗಿಲು ಹಿಡಿದು ನಿಂತಿದ್ದರು. "ಕಾಣಾಕಿಲ್ಲವ್ವ" ಎಂದರು.

ಅಷ್ಟು ದಿನದಲ್ಲಿ ಆ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಡಾಕ್ಟರ ಮುಂದೆಯೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ.

ಅಜ್ಜಿ ನಕ್ಕುಬಿಟ್ಟಿತು. "ಎಂಗ್ ಕಾಣ್ತದೆ, ಪಕ್ಕದಾಗೆ ಎಂಡ್ತಿ ಕುಂಡ್ರಿಸ್ಕಂಡು ಓದ್ರೆ. ವಯಸ್ಸಾಯ್ತು ಕಣ್ಲಾ ನಿಂಗೆ, ರೋಡ್ ನೋಡು."

ಅವರೂ ನಕ್ಕಂತೆ ಮಾಡಿದರು. ಹಿಂದೆ ಎರಡು ಕ್ಯಾನು ಪೂರ್ತಿ ಖಾಲಿಯಾಗಿದ್ದವು. ಹಾಲು ಹಲಗೆಯ ಸಂದಿಯಿಂದ ಇಳಿದು ಟಾರಿನ ಮೇಲೆ ಅಗಲವಾಗಿ ಹರಡಿತ್ತು. ಎಲ್ಲಿದ್ದವೋ ಎರಡು ನಾಯಿ ಬಂದವು. ಇವರು ಆ ಕಡೆ ತಿರುಗಿ ನೋಡಲಿಲ್ಲ. ಅಜ್ಜಿಯನ್ನು ಹತ್ತಿಸಿಕೊಂಡು ಹೋಗಿ ಅದರ ಮನೆ ಮುಂದೆ ಇಳಿಸಿ, ಉಳಿದ ಹಾಲು ಮುಟ್ಟಿಸಿ, ಒಂದನೇ ಗೇರಿನಲ್ಲೇ ಮೆಲ್ಲಗೆ ಮನೆಗೆ ಬಂದೆವು.

"ತಪ್ಪು ನಂದು" ಎಂದೆ ನಾನು, ಅಂಗಳದಲ್ಲಿ ಇಳಿದ ಮೇಲೆ. "ನಾನು ಕಾಲು ನೋಡ್ಕಂತಿದ್ದೆ. ಹೇಳ್ಲಿಲ್ಲ."

"ನೋಡ್ಬೇಕಾಗಿದ್ದು ನೀನಲ್ಲ" ಎಂದರು.

ನಾಳೆಯಿಂದ ಬೇರೆ ಯಾರನ್ನಾದರೂ ಕರೆಯೋಣ ಎಂದೆ. ಇವರೂ ಸರಿ ಎಂದರು. ಆ ಹಳೆಯ ಡ್ರೈವರಿಗೆ ಫೋನು ಮಾಡಿದರೆ ಅವನು ಬೇರೆ ಗಾಡಿ ಹಿಡಿದಿದ್ದ. ಹಸುಗಳು ಹಾಲು ಬಿಡುವುದನ್ನು ನಿಲ್ಲಿಸುವುದಿಲ್ಲವಲ್ಲ. ಮತ್ತೆ ಇವರೇ ಓಡಿಸಿದರು. ಆ ಉಳಿದ ದಿನಗಳನ್ನು ನೆನೆದರೆ ಈಗಲೂ ನನ್ನ ಬೆನ್ನು ಸೆಟೆಯುತ್ತದೆ. ನಾನು ರೆಪ್ಪೆ ಹಾಕದೆ ಎಡಗಡೆಯನ್ನೇ ನೋಡುತ್ತ, ಮರ ಬಂದರೂ ಹೇಳುತ್ತಿದ್ದೆ, ಮೈಲಿಗಲ್ಲು ಬಂದರೂ ಹೇಳುತ್ತಿದ್ದೆ. ಗಂಟಲು ಕಟ್ಟಿಹೋಯಿತು. ತಿರುವು ಬಂದರೆ ಅವರು ನಿಲ್ಲಿಸಿ, "ಬರ್ಲಾ?" ಎಂದು ಕೇಳುತ್ತಿದ್ದರು. ಅಷ್ಟು ವರ್ಷ ಓಡಿಸಿದ ದಾರಿಯಲ್ಲಿ, ನನ್ನನ್ನು. "ಬನ್ನಿ" ಎಂದ ಮೇಲೆ ಗಾಡಿ ಹೊರಡುತ್ತಿತ್ತು.

ಎರಡನೆಯ ಸಲ ಹೂವು ಮುಡಿಯಲಿಲ್ಲ. ಅದೇ ಮೈದಾನ, ಅದೇ ಇನ್ಸ್‌ಪೆಕ್ಟರು. ನನ್ನ ಗುರುತು ಹಿಡಿದರು, "ಮೆರವಣಿಗೆ ಅಮ್ಮ ಬಂದ್ರಲ್ಲ" ಎಂದರು. ಎಂಟು ಹಾಕಿದೆ, ಹಿಂದಕ್ಕೆ ತೆಗೆದೆ, ಏರಿನಲ್ಲಿ ಒಂದು ಸಲ ಆಫ್ ಆಗಿ ಮತ್ತೆ ಸ್ಟಾರ್ಟ್ ಮಾಡಿದೆ. ಆಮೇಲೆ ಅವರು ಗೆರೆಯ ಪಕ್ಕ ಹೋಗಿ ನಿಂತರು. ಕೈ ಎತ್ತಿದರು. ನಾನು ಒತ್ತಿದೆ. ಕಾರು ಗೆರೆಗೆ ಮೊಳದಷ್ಟು ಈಚೆಗೇ ನಿಂತಿತು, ಬೆಲ್ಟು ಎದೆಗೆ ಕಚ್ಚಿತು. ಹಿಂದಿನ ಸೀಟು ಖಾಲಿಯೆಂದು ಗೊತ್ತಿದ್ದರೂ ಕ್ಯಾನು ಬೀಳುವ ಸದ್ದಿಗಾಗಿ ಕಿವಿ ಕಾಯುತ್ತಿತ್ತು. ಬರಲಿಲ್ಲ.

"ಇದು ಬ್ರೇಕು" ಎಂದರು ಇನ್ಸ್‌ಪೆಕ್ಟರು. ಹಾಳೆಯಲ್ಲಿ ಏನೋ ಗೀಚಿ, ಇಳಿಯಿರಿ ಎಂದು ಸನ್ನೆ ಮಾಡಿದರು.

"ಸ್ವೀಟ್ ಎಲ್ಲಕ್ಕಾ?" ಎಂದರು ಕಲಿಸುವವರು. ಅವರ ಕೈಗೆ ಬೇಕರಿಯ ಪೊಟ್ಟಣ ಕೊಟ್ಟು ರೈಲು ಹತ್ತಿದೆ. ಬಂಗಾರಪೇಟೆಯಲ್ಲಿ ಇಳಿದಾಗ ಇವರಿಗೆ ಇಷ್ಟವಾದ ಮಸಾಲೆ ಪುರಿ ಕಟ್ಟಿಸಿಕೊಳ್ಳೋಣವೆಂದು ತಳ್ಳುಗಾಡಿಯ ಮುಂದೆ ನಿಂತೆ. ನನ್ನ ಸರದಿ ಬಂದಾಗ ಏನು ಹೇಳಿ ಅವರ ಕೈಗೆ ಕೊಡಲಿ ಎಂದು ತಿಳಿಯದೆ ಹಾಗೇ ಬಂದುಬಿಟ್ಟೆ.

ಅಂಗಳದಲ್ಲಿ ಹಗ್ಗ ಸುತ್ತುತ್ತ ಕೂತಿದ್ದರು. "ಆಯ್ತು" ಎಂದೆ.

"ಹೂಂ."

ಹಗ್ಗ ಸುತ್ತುವುದು ಮುಗಿಯುವವರೆಗೂ ಕೂತರು. ಆಮೇಲೆ ಎದ್ದು ಗಾಡಿಯ ಬಾಗಿಲು ತೆಗೆದು, ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ ಏನನ್ನೋ ತಡಕಾಡಿದರು. ಸೀಟು ಮುಂದೆ ಸರಿಸುವ ಕಬ್ಬಿಣದ ಹಿಡಿ ಅದು. ಗಾಡಿ ತಂದ ದಿನದಿಂದ ಯಾರೂ ಸರಿಸಿರಲಿಲ್ಲ, ಕೆರೆಯಂಗಳದಲ್ಲೂ ನಾನು ಸೀಟಿನ ತುದಿಗೆ ಕೂತೇ ಓಡಿಸಿದ್ದೆ; ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಾಟಲಿ ತರಿಸಿಕೊಂಡರು. ಮಂಡಿಯೂರಿ ಕೂತು, ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಉಜ್ಜಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಕೊನೆಗೆ ಹೆಗಲು ಕೊಟ್ಟು ತಳ್ಳಿದರು. ಕಿರ್ ಎಂದು ಸೀಟು ಎರಡು ಹಲ್ಲು ಮುಂದಕ್ಕೆ ಬಂತು. "ಕೂತು ನೋಡು" ಎಂದರು. ಕೂತೆ. "ಕಾಲು ಸಿಗ್ತದಾ?" ಸಿಗುತ್ತಿತ್ತು. ಸೀಟಿನ ಮೇಲೆ ಹಾಸುತ್ತಿದ್ದ ತಮ್ಮ ಟವೆಲ್ಲು ತೆಗೆದು, ಕೊಡವಿ, ಮಡಿಸಿ, ಒಳಗೆ ಒಯ್ದರು.

ಲೈಸೆನ್ಸು ಬರುವವರೆಗೆ, ಮುಂದೆ ಸರಿದ ಆ ಸೀಟಿನಲ್ಲೇ ಮಂಡಿ ಮುದುಡಿಕೊಂಡು ಅವರೇ ಓಡಿಸಿದರು. ಅದು ಅಂಚೆಯಲ್ಲಿ ಬಂದ ಮಾರನೆಯ ಬೆಳಗ್ಗೆ ಎಂದಿನಂತೆ ನನಗಿಂತ ಮುಂಚೆ ಎದ್ದಿದ್ದರು. ಖಾಲಿ ಕ್ಯಾನುಗಳನ್ನು ಏರಿಸಿ, ಹಗ್ಗವನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಬಿಗಿದರು. ನಾನು ಅವರಿಗೆಂದು ಎಡಗಡೆಯ ಸೀಟು ಒರೆಸಿ ಒಂದು ದಿಂಬು ಇಟ್ಟಿದ್ದೆ. ಇನ್ನು ಮೇಲೆ ನಾನು ಓಡಿಸುವುದು, ಅವರು ಪಕ್ಕದಲ್ಲಿ ಕೂರುವುದು, ಇಷ್ಟೇ ಅದಲು ಬದಲು ಎಂದು ಅಷ್ಟೂ ತಿಂಗಳು ನಾನು ಅಂದುಕೊಂಡಿದ್ದೆ. ಅದಕ್ಕೇ ಹೆದರಿಕೆಯನ್ನೂ ನುಂಗಿಕೊಂಡಿದ್ದೆ.

"ಹತ್ತಿ" ಎಂದೆ.

ಅವರು ಎಡಗಡೆಯ ಬಾಗಿಲನ್ನು ಹೊರಗಿನಿಂದ ಹಾಕಿದರು. "ಬ್ಯಾಡ."

"ಒಬ್ಳೇ ಎಂಗ್ ಓಗ್ಲಿ? ಮೊದಲ್ನೇ ದಿನ. ಪಕ್ಕದಲ್ಲಿದ್ರೆ ಧೈರ್ಯ."

"ನಾನು ಪಕ್ಕದಲ್ಲಿ ಕೂತ್ರೆ ನೀನು ನನ್ ಮಖ ನೋಡ್ತೀಯ. ರೋಡ್ ನೋಡಾಕಿಲ್ಲ" ಎಂದರು. ಕೋಪದಲ್ಲಿ ಹೇಳಲಿಲ್ಲ. ಗ್ಯಾಸು ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದರು.

ಅದು ನಿಜವಾಗಿತ್ತು. ಗಾಡಿ ಹೊರಡಿಸಿದೆ.

ಏಳು ಹಳ್ಳಿಯಲ್ಲೂ ಕ್ಯಾನು ಏರಿಸಲು ಬಂದವರು ಮೊದಲು ಗಾಡಿಯೊಳಗೆ ಬಗ್ಗಿ ನೋಡಿ, ಆಮೇಲೆ ನನ್ನನ್ನು ನೋಡಿದರು. "ಅಣ್ಣ ಎಲ್ಲಕ್ಕಾ? ಉಷಾರಿಲ್ವಾ?"

"ಉಷಾರಾಗೇ ಅವ್ರೆ" ಎಂದೆ. "ಮನೇಲವ್ರೆ."